ಅಳುವ ಗಂಡಸನ್ನು ನಂಬುವುದು

ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ‘ಗಂಡಸಿಗ್ಯಾಕ ಗೌರಿ ದುಃಖ’ ಎಂಬುದು ಅದರ ಬೆನ್ನಿಗೇ ಬರುತ್ತದೆ. ದೂರದ ಆಫ್ರಿಕಾದ ಲೆಸೊಥೊದಲ್ಲೂ ಗಂಡಸು ಕುರಿಯಿದ್ದಂತೆ, ಅಳುವುದಿಲ್ಲ ಎಂಬ ಗಾದೆಯಿದೆ. ಎರಡು ಕಡೆಯೂ ಒಂದೇ ಮಾತೆಂದ ಮೇಲೆ ಅದು ಗಂಡಸಿನ ಹುಟ್ಟುಗುಣವೇ ಇರಬೇಕು ಎಂದುಬಿಡುವುದು ಸುಲಭ. ನಾನು ಒಪ್ಪುವುದಿಲ್ಲ. ಆಫ್ರಿಕಾದ ಗಾದೆ ಗಂಡಸಿನ ಬಗ್ಗೆ ಹೇಳುತ್ತದೆ. ನಮ್ಮ ಗಾದೆ ಹೇಳುವುದು ಅವನನ್ನು ನೋಡುತ್ತ ನಿಂತವರಿಗೆ: ಇವನನ್ನು ನಂಬಬೇಡಿ.

ನಮ್ಮ ವಿಜಯಪುರದ ಜೋರಾಪುರ ಪೇಟೆಯ ಓಣಿಯಿರಲಿ, ಪಕ್ಕದ ತಿಕೋಟಾದ ತೋಟವಿರಲಿ, ನಂಬಿಕೆಯೇ ಗಂಡಸಿನ ಪತ್ತು. ದ್ರಾಕ್ಷಿ ಬೆಳೆಯುವವನು ಗೊಬ್ಬರಕ್ಕೆ, ಔಷಧಕ್ಕೆ, ಆಳಿನ ಪಗಾರಕ್ಕೆ ಸಾಲ ಎತ್ತುವುದು ಗೊನೆ ಕೈಗೆ ಬರುವ ಎಷ್ಟೋ ಮೊದಲು. ಒಣಗಲು ಹಾಕಿದ ದ್ರಾಕ್ಷಿಗೆ ಅಕಾಲದ ಮಳೆ ತಾಗಿದರೆ ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ಆಗ ಅವನು ನಾಲ್ಕು ಜನರೆದುರು ಅತ್ತರೆ ಊರಿಗೆ ಕಾಣುವುದು ದುಃಖವಲ್ಲ, ಇವನಿಂದ ಸಾಲ ತೀರುವುದಿಲ್ಲ ಎಂಬ ಸುದ್ದಿ. ಮರುದಿನವೇ ಬಾಕಿ ಕೇಳುವವರು ಬಾಗಿಲಿಗೆ ಬರುತ್ತಾರೆ. ಹೀಗಾಗಿ ಅವನು ಕಣ್ಣೀರು ನುಂಗುವುದನ್ನು ಬರೀ ಗಂಡಸುತನದ ಒಣ ಜಂಬವೆಂದು ಕರೆಯುವುದು ಅನ್ಯಾಯ. ಅದರಲ್ಲಿ ಲೆಕ್ಕಾಚಾರವೂ ಇದೆ, ಭಯವೂ ಇದೆ.

ಹಾಗೆಂದು ಈ ನೆಲದ ಗಂಡಸರು ಅಳಲು ಬಾರದವರಲ್ಲ. ಮೊಹರಂ ಬಂದರೆ ನಮ್ಮ ಹಳ್ಳಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಒಟ್ಟಾಗಿ ಹೆಜ್ಜೆ ಹಾಕುತ್ತ ಕನ್ನಡದಲ್ಲೇ ರಿವಾಯತ ಪದ ಹಾಡುತ್ತಾರೆ. 680ರಲ್ಲಿ ಕರ್ಬಲಾದಲ್ಲಿ ಮಡಿದ ಹುಸೇನರಿಗಾಗಿ ಇಲ್ಲಿಯ ಒಕ್ಕಲಿಗನ ಕೊರಳು ಗದ್ಗದವಾಗುತ್ತದೆ. ಶರಣ ಸತಿ, ಲಿಂಗ ಪತಿ ಎಂದ ವಚನಕಾರರು ಹೆಣ್ಣಾಗಿ ಹಂಬಲಿಸಿದ್ದೂ ಬಸವಣ್ಣ ಹುಟ್ಟಿದ ಈ ಸೀಮೆಗೆ ಹೊಸತಲ್ಲ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ಜ್ಞಾನಯೋಗಾಶ್ರಮದಲ್ಲಿ ದೇಹ ಬಿಟ್ಟಾಗ ಪಟಗ ಸುತ್ತಿದ ಹಿರಿಯರೂ ಬಿಕ್ಕಿದರು. ಅವರನ್ನು ಯಾರೂ ನಂಬಲಾಗದವರೆಂದು ಎಣಿಸಲಿಲ್ಲ.

ಆದರೆ ಈ ಕಣ್ಣೀರೆಲ್ಲ ಇನ್ನೊಬ್ಬರಿಗಾಗಿ. ಹುಸೇನರಿಗಾಗಿ ಅಳಬಹುದು, ಗುರುವಿಗಾಗಿ ಅಳಬಹುದು, ತನ್ನ ಸಾಲಕ್ಕಾಗಿ, ಮಗಳ ನಿಂತುಹೋದ ಲಗ್ನಕ್ಕಾಗಿ ಅಳುವಂತಿಲ್ಲ. ಹೆಣ್ಣುಮಕ್ಕಳಿಗೆ ತಮ್ಮ ದುಃಖ ಹಾಡಿಕೊಳ್ಳಲು ಬೀಸುವ ಕಲ್ಲಾದರೂ ಇತ್ತು. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ಜನಪದ ಹಾಡುಗಳ ಸಂಗ್ರಹ ‘ಗರತಿಯ ಹಾಡು’ ತೆರೆದರೆ ತವರು, ಅತ್ತೆಮನೆ, ಹಡೆದವ್ವ, ಎಲ್ಲ ಸ್ವಂತ ಬದುಕಿನ ಮಾತೇ. ಗಂಡಸಿಗೆ ಅಂಥ ಕಲ್ಲೊಂದನ್ನು ನಾವು ಕೊಡಲಿಲ್ಲ. (ಇದೇ ಗಾದೆ ಹೆಂಗಸಿನ ನಗುವನ್ನು ಕಸಿದುಕೊಂಡದ್ದು ಇನ್ನೊಂದು ದೊಡ್ಡ ಕಥೆ.)

2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಮಂದಿ. ನೂರಕ್ಕೆ ಸುಮಾರು 72 ಮಂದಿ ಗಂಡಸರು. ಇದಕ್ಕೆ ಕಾರಣ ಹಲವು, ಒಂದು ಗಾದೆಯ ತಲೆಗೆ ಎಲ್ಲವನ್ನೂ ಕಟ್ಟಲಾಗದು. ಆದರೆ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಾಣ ಹೋಗುತ್ತದೆ ಎಂದದ್ದೂ ಗಾದೆಯೇ. ನಮ್ಮ ಹಿರಿಯರಿಗೆ ಈ ಇಕ್ಕಟ್ಟು ಚೆನ್ನಾಗಿ ಗೊತ್ತಿತ್ತು. ಎರಡು ಗಾದೆಗಳಲ್ಲಿ ಯಾವುದನ್ನು ಯಾವಾಗ ಎತ್ತಬೇಕೆಂಬ ಹೊಣೆ ಮಾತ್ರ ಎತ್ತುವವರದು.

ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ. ಅಲ್ಲಿ ಮಾತಾಡಿದರೆ ಊರಿಗೆ ತಿಳಿಯುವುದಿಲ್ಲ, ಅದು ನಿಜವಾಗಿಯೂ ದೊಡ್ಡ ಅನುಕೂಲ. ಆದರೆ ಗಾದೆಯ ಅಪ್ಪಣೆ ಇರುವುದು ಊರಿಗೆ, ಆದ್ದರಿಂದ ಅದನ್ನು ಮುರಿಯಬೇಕಾದದ್ದೂ ಊರೇ. ಗಂಡಸರಿಗೆ ‘ನೀವೂ ಅಳಿರಿ’ ಎಂದು ಬೋಧಿಸಿ ಉಪಯೋಗವಿಲ್ಲ. ಅತ್ತವನ ಪತ್ತು ಕಳೆಯದಂತೆ ನೋಡಿಕೊಳ್ಳಬೇಕಾದವರು ಸೊಸೈಟಿಯ ಕಾರ್ಯದರ್ಶಿ, ಗೊಬ್ಬರದಂಗಡಿಯವರು, ಬೀಗರು, ಅಣ್ಣತಮ್ಮಂದಿರು. ಕಣ್ಣು ತುಂಬಿದವನಿಗೆ ‘ಗಂಡಸಾಗಿ ಅಳತಿಯೇನು’ ಎನ್ನುವ ಬದಲು ‘ಯಾರ್ದು ಎಷ್ಟೈತಿ, ಹೇಳು’ ಎಂದು ಕೇಳಿ, ಪಕ್ಕದಲ್ಲಿ ಕೂತು, ಅವನೊಡನೆ ಬಾಕಿಯ ಲೆಕ್ಕ ಬರೆಯಬೇಕು.