ಕಾವು ಮತ್ತು ತಂಪು

ಬೇಸಗೆಯಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವ ಬಳ್ಳಾರಿಯಲ್ಲಿ ಕಾವಿನ ಮಹಿಮೆಯನ್ನು ಯಾರಿಗೂ ಬೋಧಿಸಬೇಕಾಗಿಲ್ಲ. ಆದರೂ ಕಾವಿನ ವಿಷಯದಲ್ಲಿ ಒಂದು ಭ್ರಾಂತಿಯು ವಿದ್ಯಾವಂತರಲ್ಲಿಯೂ ಬೇರೂರಿರುವುದು. ಕಾರ್ಯವು ಸಾಗದಿದ್ದರೆ ಒತ್ತಾಯ ಸಾಲದೆಂದೇ ಅವರು ಬಗೆಯುವರು. ಪರೀಕ್ಷೆಗೆ ಓದುವ ಬಾಲಕನ ಕೆಳಗೆ ಇನ್ನೊಂದು ಕೊಳ್ಳಿಯನ್ನು ಒಟ್ಟುವರು. ಈ ಮತವು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಲಾವಾ ದೀಪವೆಂಬ ಒಂದು ಆಟದ ವಸ್ತುವಿನಿಂದ ಪರೀಕ್ಷಿಸಬಹುದು.

1963ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಕ್ರೇವನ್ ವಾಕರ್ ಎಂಬವನು ಇದನ್ನು ಮಾರಾಟಕ್ಕೆ ತಂದನು. ಗಾಜಿನ ಸೀಸೆಯಲ್ಲಿ ಬಣ್ಣದ ನೀರು, ನೀರಿನಲ್ಲಿ ಪ್ಯಾರಫಿನ್ ಮೇಣ, ಅಡಿಯಲ್ಲಿ ಒಂದು ವಿದ್ಯುದ್ದೀಪ. ಮೇಣವು ಸ್ವಭಾವತಃ ನೀರಿಗಿಂತ ಹಗುರವಾದುದರಿಂದ, ಭಾರವಾದ ದ್ರವ್ಯವೊಂದನ್ನು ಬೆರೆಸಿ ಅದನ್ನು ನೀರಿಗಿಂತ ಕೂದಲೆಳೆಯಷ್ಟು ತೂಕವಾಗಿಸುವರು. ಮೊದಮೊದಲು ಇದಕ್ಕೆ ಕಾರ್ಬನ್ ಟೆಟ್ರಾಕ್ಲೋರೈಡನ್ನು ಬಳಸುತ್ತಿದ್ದರು. ಅದು ಯಕೃತ್ತಿಗೆ ವಿಷವಾದ ಕಾರಣ ಅನಂತರ ಬಿಡಬೇಕಾಯಿತು. ಈಗಿನ ಪಾಕವನ್ನು ತಯಾರಕರು, ಹಳೆಯ ವೈದ್ಯರಂತೆ, ಗುಟ್ಟಾಗಿಯೇ ಇಟ್ಟಿರುವರು.

ತಳದ ಮೇಣವು ಕಾದು ಕರಗಿ, ನೀರಿಗಿಂತ ಹೆಚ್ಚಾಗಿ ಹಿಗ್ಗಿ, ಹಗುರವಾಗಿ ಮೇಲೇಳುವುದು. ಮೇಲೆ ಕಾವನ್ನು ಕಳೆದುಕೊಂಡು ಕುಗ್ಗಿ, ಭಾರವಾಗಿ ಇಳಿಯುವುದು. ಇಳಿದ ಉಂಡೆಗಳು ಒಂದಾಗಲೆಂದು ತಳದಲ್ಲಿ ಲೋಹದ ತಂತಿಯ ಸುರುಳಿಯೊಂದನ್ನು ಇಟ್ಟಿರುವರು.

ನೋಡುವವನ ಕಣ್ಣು ಏಳುವ ಮೇಣದ ಮೇಲೆಯೇ ಇರುತ್ತದೆ. ಅದನ್ನು ಇಳಿಸುವ ತಂಪನ್ನು ಯಾರೂ ಗಮನಿಸರು. ಈ ದೀಪಕ್ಕೆ ಸುಮಾರು 20ರಿಂದ 25 ಡಿಗ್ರಿಯ ಕೋಣೆ ಹಿತವಾದುದು. ಬಳ್ಳಾರಿಯ ವೈಶಾಖದಲ್ಲಿ, ಮುಚ್ಚಿದ ಕೋಣೆಯಲ್ಲಿ ಇಟ್ಟರೆ ಮೇಣವು ಮೇಲೇರಿ ಅಲ್ಲಿಯೇ ನಿಂತುಬಿಡುವುದು. ದೀಪವು ಕೆಟ್ಟಿತೆಂದು ದೊಡ್ಡ ಬಲ್ಬು ಹಾಕುವ ಯಜಮಾನನು ರೋಗಕ್ಕೆ ರೋಗವನ್ನೇ ಮದ್ದಾಗಿ ಕೊಟ್ಟಂತಾಗುವುದು. ಅಮೇರಿಕದಲ್ಲಿ 2004ರಲ್ಲಿ ಒಬ್ಬ ಯುವಕನು ಇಂತಹ ದೀಪವನ್ನು ಅಡಿಗೆಯ ಒಲೆಯ ಮೇಲಿಟ್ಟು ಕಾಯಿಸಲು, ಗಾಜು ಸಿಡಿದು ಚೂರೊಂದು ಎದೆಗೆ ನಾಟಿ ಪ್ರಾಣವನ್ನೇ ಕಳೆದುಕೊಂಡನು.

ಕಾವಿಲ್ಲದಿದ್ದರೆ ಮೇಣವು ತಳದಲ್ಲಿ ಗಟ್ಟಿಯಾಗಿ ಬಿದ್ದಿರುವುದಲ್ಲವೇ ಎಂದು ಕೇಳಬಹುದು. ಅಹುದು; ಹುಡುಗರನ್ನು ಬರಿಯ ಮುದ್ದಿನಲ್ಲಿ ಬೆಳೆಸಿದ ಮನೆಗಳ ಕಥೆಯೂ ಹಾಗೆಯೇ. ಮನುಷ್ಯನು ಮೇಣವಲ್ಲವೆಂಬ ಆಕ್ಷೇಪವು ಇದಕ್ಕಿಂತ ಬಲವಾದುದು. ಪ್ರೌಢನಾದವನು ಬೆಂಕಿಯಿಂದ ತಾನೇ ಸರಿದು ನಿಲ್ಲಬಲ್ಲನು. ಆದರೆ ಹದಿನೈದು ವರ್ಷದ ಬಾಲಕನು ಎಲ್ಲಿಗೆ ಸರಿಯಬೇಕು? ಅವನ ಕಾವು, ತಂಪು ಎರಡೂ ಹಿರಿಯರ ಕೈಯಲ್ಲಿಯೇ ಇರುವವು. ಶಾಲೆಯಲ್ಲಿ ಕಾದವನಿಗೆ ಮನೆಯಲ್ಲಿಯೂ ಒಲೆಯೇ ಆದರೆ, ಅವನು ಮೇಲೇರಿದ್ದು ಮಾತ್ರ ಲೋಕಕ್ಕೆ ಕಾಣುವುದು. ಇಳಿಯಲು ಎಡೆಯಿಲ್ಲದೆ ಅಲ್ಲಿಯೇ ಸಿಕ್ಕಿಕೊಂಡದ್ದು ಕಾಣದು.

ನಿಜವಾದ ಲಾವಾರಸದ ಗುರುತು ಇದೇ ಜಿಲ್ಲೆಯಲ್ಲಿದೆ. ಸಂಡೂರಿನ ಬೆಟ್ಟಸಾಲುಗಳಲ್ಲಿ ಸುಮಾರು 270 ಕೋಟಿ ವರ್ಷಗಳಷ್ಟು ಹಳೆಯ ಅಗ್ನಿಶಿಲೆಗಳಿವೆ. ಅವುಗಳಲ್ಲಿ ಕೆಲವು ದಿಂಬಿನ ಆಕಾರದವು. ನೀರಿನಡಿಯಲ್ಲಿ ಉಕ್ಕಿದ ರಸವು ಹೊರಗಿನಿಂದ ತಟ್ಟನೆ ತಣಿದಾಗ ಆಗುವ ರೂಪವದು. ಬೆಂಕಿಯು ಹುಟ್ಟಿಸಿದ್ದಕ್ಕೆ ಅಲ್ಲಿ ಆಕಾರ ಕೊಟ್ಟದ್ದು ನೀರು. ಬಳ್ಳಾರಿಯ ಗೃಹಸ್ಥರು ಆ ಬೆಟ್ಟಗಳನ್ನು ಕಬ್ಬಿಣದ ಅದುರಿಗಾಗಿಯೇ ಬಲ್ಲರು. ಪರೀಕ್ಷೆಯ ಫಲಿತಾಂಶದ ದಿನ ಮಗನು ಹೊಸ್ತಿಲು ತುಳಿಯುತ್ತಲೇ ಅವರು ಕೇಳುವುದು ಅಂಕಗಳೆಷ್ಟೆಂದು. ಊಟವಾಯಿತೇ ಎಂದು ಕೇಳುವವರು, ಇದ್ದರೆ, ಒಳಗಿನ ಅಜ್ಜಿಯೊಬ್ಬರೇ.