ಅಕ್ಷರಋಣ

ಐದು ವರ್ಷ ಸಾಲೆಗೆ ಹೋಗಿ ಬಂದ ಮಗುವೊಂದು ಎರಡನೆಯ ಇಯತ್ತೆಯ ಒಂದು ಚಿಕ್ಕ ಕಥೆಯನ್ನು ಓದಲಾರದೆ ತಲೆತಗ್ಗಿಸಿ ನಿಂತರೆ, ಆ ತಪ್ಪು ಯಾರದು? ತಾಯಿತಂದೆಗಳು ಹಣೆಬರಹವನ್ನು ಹಳಿಯುವರು. ಮನೆಯಲ್ಲಿ ಓದಿಸುವವರಿಲ್ಲವೆಂದು ಮಾಸ್ತರರು ಹೇಳುವರು. ಊರವರು ಸರಕಾರವನ್ನು ದೂರುವರು. ಹೀಗೆ ಹೊಣೆಯು ಕೈಯಿಂದ ಕೈಗೆ ದಾಟುತ್ತಿರುವಾಗ ಮಗುವು ಆರನೆಯ ಇಯತ್ತೆಗೆ ದಾಟಿರುವದು.

ಇದು ಒಂದು ಮನೆಯ ಮಾತಲ್ಲ. 'ಅಸರ್' ಎಂಬ ಸಮೀಕ್ಷೆಯವರು 2005ರಿಂದ ಹಳ್ಳಿಗಳ ಮನೆಮನೆಗೆ ಹೋಗಿ ಮಕ್ಕಳ ಓದನ್ನೂ ಲೆಕ್ಕವನ್ನೂ ಪರೀಕ್ಷಿಸುತ್ತ ಬಂದಿರುವರು. ಅಕ್ಷರ, ಶಬ್ದ, ನಾಲ್ಕು ಸಾಲಿನ ಪಾಠ, ಒಂದು ಕಥೆ. ಎರಡಂಕಿಯ ವಜಾಬಾಕಿ, ಒಂದು ಭಾಗಾಕಾರ: ಪರೀಕ್ಷೆ ಇಷ್ಟೇ. 2024ರಲ್ಲಿ ಗ್ರಾಮೀಣ ಭಾರತದ 5ನೆಯ ಇಯತ್ತೆಯ ಮಕ್ಕಳಲ್ಲಿ 2ನೆಯ ಇಯತ್ತೆಯ ಪಾಠವನ್ನು ಓದಬಲ್ಲವರು ನೂರಕ್ಕೆ 49ರಷ್ಟೇ. ಶಿಕ್ಷಣ ಹಕ್ಕಿನ ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, 6ರಿಂದ 14 ವರ್ಷದ ಮಕ್ಕಳೆಲ್ಲರಿಗೂ ಸಾಲೆಯ ಬಾಗಿಲನ್ನು ತೆರೆಯಿತು. ಆದರೆ ಒಳಗೆ ಕುಳಿತ ಮಾತ್ರಕ್ಕೆ ವಿದ್ಯೆಯು ಬರಲಿಲ್ಲ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಂಥ ಪೇಟೆಯ ಊರುಗಳಲ್ಲಿ ಅಕ್ಷರವು ಬರಿಯ ಆಭರಣವಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ರೈತನ ವರ್ಷದ ಬೆವರೆಲ್ಲವೂ ತೂಕ, ದರ, ಮೊತ್ತಗಳೆಂಬ ಅಂಕಿಗಳಾಗಿ ಒಂದು ಚೀಟಿಯಲ್ಲಿ ಅಡಗುವದು. ಕಾಯಿಯ ತೊಟ್ಟು ಮುರಿಯುವ ಹೆಣ್ಣುಮಗಳ ಕೂಲಿಯೂ ತೂಕದ ಮೇಲೆಯೇ. ರಾಣೆಬೆನ್ನೂರಿನಲ್ಲಿ ಕೊಂಡ ಬೀಜದ ಚೀಲದ ಮೇಲೆ ಅದರ ಅವಧಿಯು ಅಚ್ಚಾಗಿರುವದು. ಇವನ್ನು ಓದಲಾರದವನು ಪರರ ಮಾತನ್ನು ನಂಬಬೇಕು. ನಂಬಿಕೆಯು ಸದ್ಗುಣವೇ ಸರಿ. ಆದರೆ ಬೇರೆ ದಾರಿಯಿಲ್ಲದೆ ನಂಬುವದು ಸದ್ಗುಣವಲ್ಲ, ಪರಾಧೀನತೆ.

ಇಲ್ಲಿ ಒಂದು ಆಕ್ಷೇಪವು ಏಳುವದು: ಊರವರೇ ಕಲಿಸಹೊರಟರೆ ಸರಕಾರವು ತನ್ನ ಹೊಣೆಯಿಂದ ಜಾರಿಕೊಳ್ಳದೆ? ಆಕ್ಷೇಪವು ತೂಕವುಳ್ಳದ್ದು. ಶಿಕ್ಷಣವು ಮಗುವಿನ ಹಕ್ಕು. ಅದನ್ನು ಸಲ್ಲಿಸುವದು ರಾಜ್ಯದ ಧರ್ಮ. ಮಾಸ್ತರರು ಸಾಲದಿದ್ದಲ್ಲಿ ಶಾಲಾಭಿವೃದ್ಧಿ ಸಮಿತಿಯವರು ಗಟ್ಟಿಯಾಗಿ ಕೇಳಲೇಬೇಕು. ಆದರೆ ಈ ವ್ಯವಹಾರವು ತೀರುವ ತನಕ ಮಗುವಿನ ವಯಸ್ಸು ಕಾದು ನಿಲ್ಲದು. ರಾಜ್ಯವು ತನ್ನ ಸಾಲವನ್ನು ತೀರಿಸದಿದ್ದರೆ ನನ್ನ ಸಾಲವು ಮನ್ನಾ ಆಗುವದೇ?

ನಮ್ಮ ಹಿರಿಯರು ದೇವಋಣ ಪಿತೃಋಣಗಳೊಡನೆ ಋಷಿಋಣವನ್ನೂ ಎಣಿಸಿದರು. ಅದು ಹಣದಿಂದಲ್ಲ, ಅಧ್ಯಯನದಿಂದ ತೀರತಕ್ಕದ್ದು. ಕಲಿತುದನ್ನು ಕಲಿಸದೆ ಅಧ್ಯಯನವು ಪೂರ್ತಿಯಾಗದು. ಆ ಅಧ್ಯಯನದ ಅಧಿಕಾರವಾದರೋ ಬಹುಕಾಲ ಕೆಲವು ಮನೆಗಳಿಗೆ, ಅಲ್ಲಿಯೂ ಗಂಡಸರಿಗೆ, ಮೀಸಲಾಗಿತ್ತು. ಆದುದರಿಂದ ಋಣದ ಮೇಲೆ ಬಡ್ಡಿಯೂ ಬೆಳೆದಿದೆ. ಓದುಬಲ್ಲ ಮನೆಯವರು ಓದಲಾರದ ಮಗುವಿಗೆ ಕಲಿಸುವದು ದಾನವಲ್ಲ, ಸಾಲದ ಮರುಪಾವತಿ. ಸಾಲಗಾರನು ಸಾಲ ಕೊಟ್ಟವನ ಮುಂದೆ ಬೀಗುವದುಂಟೆ? ಹಾರತುರಾಯಿಗಳಿಗೂ, ಮಗುವನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ನಾಚಿಸುವದಕ್ಕೂ ಇಲ್ಲಿ ಎಡೆಯಿಲ್ಲ. ಪರೀಕ್ಷೆಯು ಊರಿನದು, ಮಗುವಿನದಲ್ಲ.

ಕೆಲಸವೂ ಕಠಿಣವಲ್ಲ. ಸಂಜೆಯ ಒಂದು ತಾಸು, ಗುಡಿಯ ಕಟ್ಟೆ ಇಲ್ಲವೆ ಪಂಚಾಯತಿಯ ವಾಚನಾಲಯ. ಇಯತ್ತೆಯನ್ನು ನೋಡದೆ, ಅಕ್ಷರ ಬಾರದವರು ಒಂದು ಗುಂಪು, ಶಬ್ದ ಬಲ್ಲವರು ಇನ್ನೊಂದು. ಎಣಿಕೆಗೆ ಜೋಳದ ಕಾಳು, ಹತ್ತಕ್ಕೆ ಒಂದು ಕಡ್ಡಿಯ ಕಟ್ಟು. ಅಕ್ಷರ ಫೌಂಡೇಶನ್ನಿನವರು ಗ್ರಾಮಪಂಚಾಯತಿಗಳಲ್ಲಿ ನಡೆಯಿಸಿದ ಗಣಿತ ಸ್ಪರ್ಧೆಗಳು ಊರಿನ ಕಣ್ಣನ್ನು ಮಕ್ಕಳ ಲೆಕ್ಕದ ಕಡೆಗೆ ತಿರುಗಿಸಿದುದು ಒಳ್ಳೆಯದಾಯಿತು. ಆದರೆ ಬಹುಮಾನ ಪಡೆದ ಮಗುವಿಗಿಂತ ಹಿಂದೆ ಉಳಿದ ಮಗುವಿನ ಕಡೆಗೆ ಆ ಕಣ್ಣು ಹೆಚ್ಚು ಹೊತ್ತು ನಿಲ್ಲಬೇಕು.

ಇದೇ ಸೀಮೆಯ ಗಳಗನಾಥರು (1869–1942) ಸ್ವತಃ ಮಾಸ್ತರರಾಗಿದ್ದವರು. ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಕನ್ನಡಕ್ಕೆ ಓದುಗರನ್ನು ದೊರಕಿಸಿದರು. 2023ರ ಜನೇವರಿಯಲ್ಲಿ ಹಾವೇರಿಯು 86ನೆಯ ಸಾಹಿತ್ಯ ಸಮ್ಮೇಲನವನ್ನು ವೈಭವದಿಂದ ನೆರವೇರಿಸಿತು. ಗಂಟನ್ನು ಹೊರುವ ಕಷ್ಟವು ಈಗ ನಮಗಿಲ್ಲ. ಪುಸ್ತಕಗಳು ಮನೆಯ ಕಪಾಟಿನಲ್ಲಿಯೇ ಇವೆ. ಅವುಗಳಲ್ಲೊಂದನ್ನು ತೆಗೆದುಕೊಂಡು ನೆರೆಮನೆಯ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವಷ್ಟು ಬಿಡುವು ನಮಗುಂಟೋ ಇಲ್ಲವೋ ಎಂಬುದನ್ನು ವಾಚಕರು ತಮ್ಮ ತಮ್ಮ ಮನೆಗಳಲ್ಲಿ ವಿಚಾರಿಸಬೇಕು.