ಜೂನ್ 24ರ ತನಕ

ಜರ್ಮನಿಯ ಫ್ರಾಂಕೋನಿಯಾದ ಕಡೆ ಜೂನ್ 24 ಕಳೆದ ಮೇಲೆ ಶ್ಪಾರ್ಗೆಲ್ ಕೇಳಿದರೆ ಯಾರೂ ಬಯ್ಯುವುದಿಲ್ಲ. ದೀಪಾವಳಿಗೆ ಮಾವಿನಹಣ್ಣು ಕೇಳಿದವರನ್ನು ನಮ್ಮೂರಲ್ಲಿ ನೋಡುವ ಹಾಗೆ ನೋಡುತ್ತಾರೆ, ಅಷ್ಟೆ. ನಮ್ಮ ಶತಾವರಿಯ ದಾಯಾದಿಯಾದ ಈ ಬಿಳಿ ದಂಟು ಏಪ್ರಿಲ್‌ನಲ್ಲಿ ಶುರುವಾಗಿ ಸಂತ ಯೋಹಾನನ ಹಬ್ಬದ ದಿನ ಮುಗಿಯುತ್ತದೆ. ನ್ಯೂರೆಂಬರ್ಗ್, ಫ್ಯೂರ್ಟ್, ಎರ್ಲಾಂಗನ್ ಮೂರೂ ಊರುಗಳ ನಡುವೆ ಹಬ್ಬಿರುವ ತರಕಾರಿ ಹೊಲಗಳಿಂದ ಬಂದ ಕಟ್ಟುಗಳು ಆ ಎರಡು ತಿಂಗಳು ಎಲ್ಲಿ ನೋಡಿದರಲ್ಲಿ ಕಾಣುತ್ತವೆ. ಸಂತೆಯಲ್ಲೂ ಅದೇ, ಹೋಟೆಲಿನ ಮೆನುವಿನಲ್ಲೂ ಅದೇ, ರಸ್ತೆ ಬದಿಯ ಮರದ ಗೂಡಂಗಡಿಯಲ್ಲೂ ಅದೇ. ಆಮೇಲೆ ಗೂಡಂಗಡಿಗೆ ಬೀಗ.

ಈ ಗಡುವು ದೇವರು ಹಾಕಿದ್ದಲ್ಲ. ಗಿಡ ಜುಲೈನಲ್ಲೂ ದಂಟು ಕೊಡಲು ತಯಾರಿರುತ್ತದೆ. ಆದರೆ ಕೊಯ್ಯುತ್ತಲೇ ಹೋದರೆ ಬೇರು ಬರಿದಾಗಿ ಮುಂದಿನ ವರ್ಷದ ಬೆಳೆ ಸೊರಗುತ್ತದೆ. ಹಾಗಾಗಿ ಜೂನ್ ಕೊನೆಗೆ ಚಾಕು ಕೆಳಗಿಟ್ಟು, ಮಣ್ಣಿನಡಿಯಿಂದ ಏಳುವುದನ್ನು ಬಿಸಿಲಿಗೆ ಬಿಟ್ಟುಬಿಡುತ್ತಾರೆ. ಅದು ಗರಿಯಂಥ ಹಸಿರು ಪೊದೆಯಾಗಿ ಬೆಳೆದು ಚಳಿ ಬರುವ ತನಕ ಬೇರಿಗೆ ಕಸುವು ಇಳಿಸುತ್ತದೆ. ನೆಟ್ಟ ಮೊದಲೆರಡು ವರ್ಷವಂತೂ ಯಾರೂ ಮುಟ್ಟುವುದಿಲ್ಲ. ಅಷ್ಟು ತಾಳಿಕೊಂಡರೆ ಒಂದು ಮಡಿ ಸುಮಾರು ಹತ್ತು ವರ್ಷ ಬಾಳುತ್ತದೆ. ಅನಿತ್ಯದ ಮಾತು ಬಂದರೆ ನಮಗೆ ಮುಪ್ಪು, ಸಾವು, ಬಾಡುವ ಹೂವು ಇವೇ ನೆನಪಾಗುತ್ತವೆ. ಎಲ್ಲ ನಮ್ಮ ಕೈಮೀರಿ ಆಗುವಂಥವು. ಇಲ್ಲಿ ರೈತ ತಾನೇ ದಿನ ಗೊತ್ತುಮಾಡಿಕೊಂಡು ‘ಸಾಕು’ ಅನ್ನುತ್ತಾನೆ. ತರಕಾರಿ ಚೀಲ ಹಿಡಿದು ನಿಂತ ನನಗೆ ವೇದಾಂತದ ಯಾವ ಪುಸ್ತಕಕ್ಕಿಂತಲೂ ಇದು ಬೇಗ ಅರ್ಥವಾಯಿತು.

ಒಳ್ಳೆಯ ಶ್ಪಾರ್ಗೆಲ್ ಆರಿಸುವುದನ್ನು ಸಂತೆಯ ಹೆಂಗಸೊಬ್ಬಳು ಕಲಿಸಿಕೊಟ್ಟಳು. ಎರಡು ದಂಟು ತೆಗೆದುಕೊಂಡು ಒಂದಕ್ಕೊಂದು ತಿಕ್ಕಬೇಕು. ಇವತ್ತಿನದಾದರೆ ‘ಕೀಂಚ್’ ಅನ್ನುತ್ತದೆ, ಮೊನ್ನೆಯದು ಸುಮ್ಮನಿರುತ್ತದೆ. ಕೊಯ್ದ ಬುಡವನ್ನು ಉಗುರಿನಿಂದ ಒತ್ತಿದರೆ ನೀರು ಒಸರಬೇಕು, ಮೂಸಿದರೆ ಹುಳಿ ವಾಸನೆ ಬರಬಾರದು. ಮನೆಗೆ ತಂದು ತಲೆಯ ಕೆಳಗಿನಿಂದ ಬುಡದವರೆಗೆ ಸಿಪ್ಪೆ ಹೆರೆಯಬೇಕು. ಒಂದು ಎಳೆ ನಾರು ಉಳಿದರೂ ಹಲ್ಲಿಗೆ ಸಿಕ್ಕುತ್ತದೆ. ಇಲ್ಲಿಯವರು ಅದನ್ನು ಬೇಯಿಸಿ, ಬೆಣ್ಣೆ-ಮೊಟ್ಟೆಯ ಹಳದಿ ಸಾಸ್ ಸುರಿದು, ಎಳೆ ಆಲೂಗಡ್ಡೆಯ ಜೊತೆ ತಿನ್ನುತ್ತಾರೆ. ನಮ್ಮನೆಯಲ್ಲಿ ಅದು ನುಗ್ಗೆಕಾಯಿಯ ಜಾಗಕ್ಕೆ ಹುಳಿಗೆ ಬೀಳುತ್ತದೆ. ಸೀಪಿ ಸಿಪ್ಪೆ ಉಗಿಯುವ ಸುಖ ಇಲ್ಲದಿದ್ದರೂ ರುಚಿಗೆ ಮೋಸವಿಲ್ಲ. ಮಗಳ ಪಾಲಿಗೆ ಹುಳಿ ಅಂದರೆ ಶ್ಪಾರ್ಗೆಲ್ ಹುಳಿಯೇ. ನುಗ್ಗೆಕಾಯಿ ಅವಳಿಗೆ ರಜೆಯಲ್ಲಿ ಅಜ್ಜಿ ಮನೆಯಲ್ಲಿ ಸಿಗುವ ಪದಾರ್ಥ.

ಬೆಳಕು ತಾಗಿದರೆ ದಂಟಿಗೆ ಬಣ್ಣ ಬರುತ್ತದೆ. ಅದಕ್ಕೇ ಮಣ್ಣಿನ ದಿಣ್ಣೆಯೊಳಗಿಂದಲೇ, ಒಂದೊಂದನ್ನೂ ಕೈಯಲ್ಲಿ ಬಗೆದು ಕೊಯ್ಯಬೇಕು. ಕೊಯ್ಯುವವರು ಹೆಚ್ಚಾಗಿ ಪೋಲೆಂಡ್, ರೊಮೇನಿಯಾಗಳಿಂದ ಬಂದ ಆಳುಗಳು. 2020ರ ಏಪ್ರಿಲ್‌ನಲ್ಲಿ ಕೋವಿಡ್ ಕಾರಣಕ್ಕೆ ಗಡಿಗಳು ಮುಚ್ಚಿ, ನಾವೆಲ್ಲ ಮನೆಯೊಳಗೆ ಕೂತಿದ್ದಾಗ, ರೊಮೇನಿಯಾದಿಂದ ಇವರನ್ನು ವಿಶೇಷ ವಿಮಾನಗಳಲ್ಲಿ ಕರೆಸಿಕೊಂಡರು. ದೇಶವನ್ನು ನಿಲ್ಲಿಸಬಹುದಿತ್ತು, ಶ್ಪಾರ್ಗೆಲ್ ಕಾಲವನ್ನು ನಿಲ್ಲಿಸುವುದು ಆಗಲಿಲ್ಲ. ಅವರು ಹಂಗಾಮಿಗೆ ಬಂದು ಹಂಗಾಮು ಮುಗಿದಾಗ ಹೊರಡುವ ಜನ. ನಾವೂ ‘ಎರಡು ವರ್ಷ, ಆಮೇಲೆ ವಾಪಸ್’ ಎಂದುಕೊಂಡೇ ಬಂದವರು. ಆದರೆ ಬ್ಲೂ ಕಾರ್ಡ್ ಎಂಬ ಉದ್ಯೋಗ-ವಾಸದ ಪರವಾನಗಿ ಹಿಡಿದು ಆಫೀಸಿಗೆ ಹೋಗುವವರಿಗೆ ಗಡುವು ಜಗ್ಗಿದಷ್ಟೂ ಜಗ್ಗುತ್ತದೆ. ನಾನು ಹುಳಿಗೆ ಹೆಚ್ಚುವ ದಂಟನ್ನು ಬಗ್ಗಿ ಬಗೆದ ಹೆಂಗಸಿಗೆ ಅದು ಜಗ್ಗುವುದಿಲ್ಲ. ಎಲ್ಲವೂ ಅನಿತ್ಯ ಅನ್ನುವುದು ನಿಜವೇ. ಯಾರಿಗೆ ಎಷ್ಟು ಅನಿತ್ಯ ಅನ್ನುವ ಲೆಕ್ಕ ಮಾತ್ರ ಒಂದೇ ಅಲ್ಲ.

ಇನ್ನು ನನ್ನ ಫ್ರೀಜರಿನ ಕಥೆ. ಅದರ ಕೆಳಗಿನ ಡ್ರಾಯರಿನಲ್ಲಿ ವರ್ಷವಿಡೀ ಅವರೆಕಾಳು ಇರುತ್ತದೆ. ಇಂಡಿಯನ್ ಅಂಗಡಿಯಲ್ಲಿ ಗುಜರಾತಿ ಹೆಸರಿನ ಪ್ಯಾಕೆಟ್ಟಿನಲ್ಲಿ ಸಿಗುವ ಕಾಳು, ಸುರ್ತಿ ಪಾಪ್ಡಿ ಲಿಲ್ವಾ. ಬಿಸಿನೀರಿಗೆ ಹಾಕಿ ಹಿಚುಕಿದರೆ ಬೇಳೆ ಪಳಕ್ಕನೆ ಆಚೆ ಬರುತ್ತದೆ. ಹಿತಕಿದ ಬೇಳೆ ಸಾರು ಮೇ ತಿಂಗಳಲ್ಲೂ ಆಗುತ್ತದೆ, ಆಗಸ್ಟಿನಲ್ಲೂ ಆಗುತ್ತದೆ. ಬಾರದೇ ಇರುವುದು ಸೊಗಡು. ಮಾಗಡಿ ಕಡೆಯ ಹೊಲದಲ್ಲಿ ಡಿಸೆಂಬರ್-ಜನವರಿಯ ಇಬ್ಬನಿ ಬಿದ್ದ ಮೇಲೆ ಕಾಯಿಗೆ ಹತ್ತುವ ಆ ಸೊನೆ, ಸಿಪ್ಪೆ ಬಿಡಿಸಿದ ಕೈಯಲ್ಲಿ ರಾತ್ರಿವರೆಗೂ ಉಳಿಯುವ ಆ ವಾಸನೆ. ಬೆಂಗಳೂರಿನಲ್ಲಿ ಜನವರಿಯ ಅವರೆಬೇಳೆ ಮೇಳಕ್ಕೆ ಜನ ಮುಗಿಬೀಳುವುದು ಅದು ಹೋಗಿಬಿಡುತ್ತದೆ ಎಂದೇ ಅಲ್ಲವೆ? ಭಗವದ್ಗೀತೆಯ 17ನೆಯ ಅಧ್ಯಾಯ ಒಂದು ಯಾಮ ಕಳೆದ, ರಸ ಹೋದ ಊಟವನ್ನು ತಾಮಸರ ಪಟ್ಟಿಗೆ ಸೇರಿಸುತ್ತದೆ. ಯಾಮ ಅಂದರೆ ಮೂರು ಗಂಟೆ. ನನ್ನ ಅವರೆಕಾಳಿನ ಮೇಲೆ ಅಚ್ಚಾದ ದಿನಾಂಕ ಇನ್ನೂ ಒಂದೂವರೆ ವರ್ಷ ದೂರವಿದೆ. ತಂಗಳನ್ನ ಕಂಡರೆ ಮುಖ ಸಿಂಡರಿಸುತ್ತಿದ್ದ ನನ್ನ ಅತ್ತೆ ಇಲ್ಲಿಗೆ ಬಂದಾಗ ಆ ಡ್ರಾಯರ್ ಎಳೆದು ನೋಡಿ, ಏನೂ ಅನ್ನದೆ, ಮತ್ತೆ ತಳ್ಳಿದರು.

ಮಜವೆಂದರೆ, ಊರಿನಲ್ಲಿ ಎರಡು ತಿಂಗಳ ಮಾತಾಗಿದ್ದದ್ದು ಇಲ್ಲಿ ನಮ್ಮನೆಯ ನಿತ್ಯವಸ್ತು. ಪರದೇಶಕ್ಕೆ ಬಂದವರು ಕಳೆದುಕೊಂಡಿದ್ದನ್ನು ಉಳಿಸಿಕೊಳ್ಳುವ ಭರದಲ್ಲಿ ಅದರ ಕಾಲವನ್ನೇ ಕಳೆದುಬಿಡುತ್ತಾರೆ. ಕಾಳು ಉಳಿಯುತ್ತದೆ, ಅವರೆಕಾಯಿಯ ಕಾಲ ಉಳಿಯುವುದಿಲ್ಲ. ಹಾಗೆಂದು ಪ್ಯಾಕೆಟ್ ಕೊಳ್ಳುವುದನ್ನು ಬಿಟ್ಟಿದ್ದೇನೆಯೇ? ಇಲ್ಲ. ಸಂಕ್ರಾಂತಿಯ ಹಿಂದಿನ ದಿನ ಎರಡು ಹೆಚ್ಚೇ ತರುತ್ತೇನೆ.

ಎರಡು ವರ್ಷ ಅನ್ನುವ ಮಾತು ನಮ್ಮಲ್ಲಿ ಯಾವಾಗ ನಿಂತಿತೋ ನಾನು ಹೇಳಲಾರೆ. ಅಕ್ಕಿ ಚೀಲ ಹೇಳೀತು. ಬಂದ ಹೊಸದರಲ್ಲಿ ಸೂಪರ್‌ಮಾರ್ಕೆಟ್ಟಿನ 1 ಕೆ.ಜಿ. ಬಾಸ್ಮತಿ ತರುತ್ತಿದ್ದೆವು, ನಾಳೆಯೇ ಹೊರಡುವವರ ಥರ. ಮಗಳು ಹುಟ್ಟಿದ ಮೇಲೆ ಸೋನಾ ಮಸೂರಿ, 5 ಕೆ.ಜಿ.; ಆಮೇಲೆ 10; ಗ್ರೈಂಡರ್ ಬಂದ ವರ್ಷ 20 ಕೆ.ಜಿ. ಮೂಟೆ. ಅದನ್ನು ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಗೆ ಹೊತ್ತು ತಂದ ಗಂಡ ಬಾಗಿಲಲ್ಲೇ ಕೂತು ‘ಇನ್ನು ಎಲ್ಲಿಗೂ ಹೋಗಲ್ಲ ಬಿಡು’ ಅಂದರು. ಆಯಾಸಕ್ಕೆ ಅಂದ ಮಾತು. ಖಾಯಂ ವಾಸದ ಕಾಗದ ಕೈಗೆ ಬಂದದ್ದು ಅದಾದ ಎಷ್ಟೋ ತಿಂಗಳ ಮೇಲೆ. ಮಗಳು ಓದಲು ಲೈಪ್‌ಜಿಗ್‌ಗೆ ಹೋದಾಗಿನಿಂದ ಮತ್ತೆ 5 ಕೆ.ಜಿ.ಗೆ ಇಳಿದಿದ್ದೇವೆ. ದೊಡ್ಡ ಮೂಟೆಗೆ ಹುಳ ಬೀಳುತ್ತದೆ.

ಅವಳು ಸಣ್ಣವಳಿದ್ದಾಗ ಮಾಂಸದ ಕೌಂಟರಿನವರು ಮಕ್ಕಳಿಗೆಂದು ಸಾಸೇಜಿನ ಒಂದು ಹೋಳು ನೀಡುತ್ತಿದ್ದರು. ಈ ದೇಶದ ಹಳೆಯ ಪದ್ಧತಿ ಅದು. ನಾವು ನಗುತ್ತ ಬೇಡವೆನ್ನುತ್ತಿದ್ದೆವು, ಅವಳು ಅಳುತ್ತಿದ್ದಳು. ಪಕ್ಕದ ಬೇಕರಿಯವಳು ಇದನ್ನು ಗಮನಿಸಿ, ನಾವು ಬಂದಾಗಲೆಲ್ಲ ಒಂದು ಪುಟ್ಟ ಬ್ರೆಜೆಲ್ ಎತ್ತಿ ಕೊಡತೊಡಗಿದಳು. ಮೇಲಿನ ಉಪ್ಪಿನ ಹರಳುಗಳನ್ನು ಮಗಳು ಒಂದೊಂದಾಗಿ ಕಿತ್ತು ಟ್ರಾಲಿಯೊಳಗೆ ಉದುರಿಸುತ್ತಿದ್ದಳು. ಅದು ಯಾವತ್ತು ನಿಂತಿತು? ಯಾರೂ ಹೇಳಿ ನಿಲ್ಲಿಸಲಿಲ್ಲ. ಟ್ರಾಲಿಯ ಸೀಟಿಗೆ ಕಾಲು ತೂರದೆ, ಅವಳು ನೆಲದ ಮೇಲೆ ನಡೆಯತೊಡಗಿ, ಬರಬರುತ್ತ ನನ್ನ ಜರ್ಮನ್ ಕೇಳಲಾರದೆ ನನ್ನ ಪರವಾಗಿ ಅವಳೇ ಬ್ರೆಡ್ ಕೇಳುವಷ್ಟಾದಳು; ಆ ನಡುವೆ ಎಲ್ಲೋ ಒಂದು ಕಡೆಯ ಬ್ರೆಜೆಲ್ ಇದ್ದಿರಬೇಕು. ಶ್ಪಾರ್ಗೆಲ್‌ಗಾದರೆ ಪಂಚಾಂಗದಲ್ಲಿ ದಿನ ಗೊತ್ತಿದೆ. ಕೊನೆಯ ಕಟ್ಟು ಎಂದು ತಿಳಿದೇ ಕೊಳ್ಳುತ್ತೇವೆ, ಹುಳಿಗೆ ಒಂದು ಹಿಡಿ ಬೇಳೆ ಜಾಸ್ತಿ ಹಾಕುತ್ತೇವೆ. ಮನುಷ್ಯರ ವಿಷಯದಲ್ಲಿ ಹಾಗೆ ಹೇಳುವವರಿಲ್ಲ.

ಹೋದ ಜನವರಿಯಲ್ಲಿ ಅವಳು ಫೋನ್ ಮಾಡಿ, ಹುಳಿ ಮಾಡುತ್ತಿದ್ದೇನೆ, ಹಸಿರು ಶ್ಪಾರ್ಗೆಲ್ ಸಿಕ್ಕಿತು ಅಂದಳು. ಎಲ್ಲಿಯದು ಎಂದರೆ ಪೆರು ದೇಶದ್ದು. ಅಲ್ಲಿಯ ಇಕಾ ಕಣಿವೆಯ ಮರಳುಗಾಡಿನಲ್ಲಿ ಅಂತರ್ಜಲ ಎತ್ತಿ ವರ್ಷಪೂರ್ತಿ ಬೆಳೆಯುತ್ತಾರೆ. ಗಿಡಕ್ಕೆ ಚಳಿಯ ಭಯವಿಲ್ಲ. ಬತ್ತುತ್ತಿರುವುದು ಕೆಳಗಿನ ನೀರು. ಇದನ್ನೆಲ್ಲ ಅವಳಿಗೆ ಹೇಳಿ, ಕಾಲವಲ್ಲದ ಕಾಲದಲ್ಲಿ ಇದೇನೇ ಅಂದೆ.

“ನಿನ್ನ ಅವರೆಕಾಳು ಜುಲೈಲಿ ಬೇಯಲ್ವೇನಮ್ಮ?” ಅಂದಳು. “ಅದಿರಲಿ, ಹುಣಸೆಹಣ್ಣು ಎಷ್ಟು ಹಾಕಲಿ?”

ನೆಲ್ಲಿಕಾಯಿ ಗಾತ್ರ ಅಂದೆ.

“ಅಮ್ಮಾ, ಗ್ರಾಮಲ್ಲಿ ಹೇಳು.”